ದ್ವೀಪಕ್ಕೆ ವಿಮಾನ: ತೂಕ ನೋಡಿ ಗಂಟು ಕಟ್ಟಿ

ಶಿರವಾಡದ ಹೆಂಗಸರಿಗೆ ಪ್ರಯಾಣ ಎಂದರೆ ರೈಲು. ಕಾರವಾರದ ರೈಲು ನಿಲ್ದಾಣ ಇರುವುದೇ ನಮ್ಮೂರಿನಲ್ಲಿ. ಪೇಟೆಯವರು ಆಟೋ ಮಾಡಿಕೊಂಡು ಇಲ್ಲಿಯತನಕ ಬರಬೇಕು. ನಾವಾದರೋ ಒಲೆ ಆರಿಸಿ, ಬೀಗ ಹಾಕಿ, ನಿಧಾನಕ್ಕೆ ನಡೆದು ಹೋದರೂ ಆಯಿತು. ಮಡಗಾಂವದ ಸಂತೆ, ಉಡುಪಿಯ ಕೃಷ್ಣ, ಮುಂಬಯಿಯ ಮಗಳ ಬಾಣಂತನ, ಎಲ್ಲಕ್ಕೂ ಅದೇ ಪ್ಲಾಟ್‌ಫಾರ್ಮು. ಇಂಥ ನಮ್ಮ ಕೇರಿಯಲ್ಲೇ ಈಗೀಗ ಒಂದು ಹೊಸ ಮಾತು ಕೇಳಿಬರುತ್ತಿದೆ: “ಲಕ್ಷದ್ವೀಪಕ್ಕೆ ಗೋವೆಯಿಂದಲೇ ವಿಮಾನ ಶುರುವಾಗಿದೆಯಂತೆ ಮಾರಾಯ್ತಿ, ಒಂದು ಸಲ ಹೋಗಿ ಬರೋಣವಾ?”

ಮಾತು ಸುಳ್ಳಲ್ಲ. 2024ರ ಜನವರಿಯಲ್ಲಿ ಪ್ರಧಾನಿಯವರು ಲಕ್ಷದ್ವೀಪಕ್ಕೆ ಹೋಗಿ ಬಂದು ಅಲ್ಲಿಯ ಚಿತ್ರಗಳು ಮನೆಮನೆಯ ಮೊಬೈಲಿಗೆ ಬಂದವು. ಅದೇ ವರ್ಷ ಗೋವೆಯ ಮೋಪಾದಿಂದ ಮತ್ತು ಬೆಂಗಳೂರಿನಿಂದ ಅಗತ್ತಿ ದ್ವೀಪಕ್ಕೆ ಸಣ್ಣ ವಿಮಾನಗಳು ಹಾರತೊಡಗಿದವು. ಕೊಚ್ಚಿಯ ದಾರಿಯಂತೂ ಮೊದಲಿನಿಂದಲೂ ಇತ್ತು. ವಿಮಾನದ ವೇಳಾಪಟ್ಟಿ ಋತುವಿಗೊಂದು ಬಗೆ ಬದಲಾಗುತ್ತದೆ, ಆದ್ದರಿಂದ ಯಾವ ದಿನ ಯಾವ ಊರಿನಿಂದ ಎಂಬುದನ್ನು ಹೊರಡುವ ಮುಂಚೆ ವಿಚಾರಿಸಿಯೇ ಮುಂದಿನ ಹೆಜ್ಜೆ ಇಡಿ. ಆದರೆ ಗೃಹಿಣಿಯರಿಗೆ ತಿಳಿದಿರಬೇಕಾದ ಮುಖ್ಯ ಸಂಗತಿ ವೇಳಾಪಟ್ಟಿಯಲ್ಲಿಲ್ಲ. ಅದು ತೂಕದಲ್ಲಿದೆ.

ದ್ವೀಪ ನಮಗೆ ಹೊಸತಲ್ಲ

ಕಾರವಾರದ ಕಡಲಂಚಿನಲ್ಲಿ ಬೆಳೆದವರಿಗೆ ದ್ವೀಪ ಎಂದರೆ ಬೆರಗೇನಿಲ್ಲ. ಸಂಜೆ ದಂಡೆಯ ಮೇಲೆ ನಿಂತರೆ ದೇವಗಡದ ದೀಪಸ್ತಂಭ ಕಣ್ಣು ಮಿಟುಕಿಸುತ್ತದೆ. ಅಂಜದೀವಿ ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ. ಅದು ಗೋವೆಗೆ ಸೇರಿದ್ದು, ಈಗ ನೌಕಾನೆಲೆಯ ಒಳಗಿದೆ. ಇನ್ನು ಕೂರ್ಮಗಡ. ಬನದ ಹುಣ್ಣಿಮೆಗೆ ನರಸಿಂಹ ದೇವರ ಜಾತ್ರೆ, ಬಾಳೆಗೊನೆಯ ಹರಕೆ, ದೋಣಿಯಲ್ಲಿ ಮಕ್ಕಳುಮರಿ ಸಮೇತ ಹೋಗಿಬರುವ ಗದ್ದಲ.

2019ರ ಜನವರಿ 21ರಂದು ಆ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿತು. 16 ಜನ ತೀರಿಕೊಂಡರು, ಅವರಲ್ಲಿ ಮಕ್ಕಳೂ ಇದ್ದರು. ಅಳತೆ ಮೀರಿ ಜನ ಹತ್ತಿದ್ದರು ಎಂಬುದು ಆಗ ಎಲ್ಲರ ಬಾಯಲ್ಲೂ ಇದ್ದ ಮಾತು. “ಇನ್ನೊಬ್ಬರು ಹತ್ತಿದರೆ ಏನಾಗುತ್ತದೆ?” ಎಂದು ನಾವು ದೋಣಿಯಲ್ಲೂ ಹೇಳುತ್ತೇವೆ, ಟೆಂಪೋದಲ್ಲೂ ಹೇಳುತ್ತೇವೆ. ವಿಮಾನದಲ್ಲಿ ಆ ಮಾತು ನಡೆಯುವುದಿಲ್ಲ. ಒಂದು ಕಿಲೋ ಹೆಚ್ಚಾದರೂ ಕೌಂಟರಿನ ಹುಡುಗಿ ತಕ್ಕಡಿಯ ಮುಳ್ಳು ತೋರಿಸುತ್ತಾಳೆ. “ಎಂಥ ಜಿಪುಣರಪ್ಪ ಇವರು, ಒಂದು ಚಟ್ನಿಪುಡಿ ಡಬ್ಬಿಗೂ ಲೆಕ್ಕವೇ?” ಎಂದು ಮೊದಲ ಸಲ ಹೋದವರು ಸಿಡುಕುವುದುಂಟು. ಲೆಕ್ಕದಲ್ಲಿ ಕಂಪನಿಯ ಲಾಭವೂ ಸೇರಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಈ ದ್ವೀಪದ ಮಟ್ಟಿಗೆ ಅದರ ಹಿಂದೆ ಬೇರೊಂದು ಕಾರಣವಿದೆ.

ಅಗತ್ತಿ ಬರೀ ಏಳೂವರೆ ಕಿಲೋಮೀಟರ್ ಉದ್ದದ, ಅಗಲವಾದ ಕಡೆಯಲ್ಲೂ ಸುಮಾರು ಒಂದೇ ಕಿಲೋಮೀಟರ್ ಇರುವ ಮರಳಿನ ಪಟ್ಟಿ. ಅದರ ದಕ್ಷಿಣದ ತುದಿಯಲ್ಲಿ, ಎರಡೂ ಕಡೆ ನೀರು ಇರುವಲ್ಲಿ, 1988ರಲ್ಲಿ ವಿಮಾನ ಇಳಿಯಲು ಶುರುವಾಯಿತು. ಓಡುಹಾದಿ ಸುಮಾರು 1,200 ಮೀಟರ್. ದೊಡ್ಡ ಜೆಟ್ ವಿಮಾನಗಳಿಗೆ ಇದರ ಎರಡು ಪಟ್ಟು ಬೇಕು. ಅದಕ್ಕೇ ಇಲ್ಲಿಗೆ ಬರುವುದು ಎರಡು ಪಂಖಗಳ ಏಟಿಆರ್ ಜಾತಿಯ ಸಣ್ಣ ವಿಮಾನ. ಹಾದಿ ಗಿಡ್ಡವಾದಷ್ಟೂ ವಿಮಾನ ಹೊರಬಹುದಾದ ಭಾರ ಕಡಿಮೆ. ಗಾಳಿ, ಬಿಸಿಲು, ಎಣ್ಣೆ, ಜನ, ಚೀಲ ಎಲ್ಲವನ್ನೂ ಕೂಡಿಸಿ ಕಳೆದು ನೋಡಿಯೇ ಹಾರಿಸುತ್ತಾರೆ.

ಟಿಕೇಟು ಕೊಳ್ಳುವಾಗ

ಬಸ್ಸಿನ ಹಾಗೆ ವಿಮಾನಕ್ಕೆ ಒಂದೇ ದರ ಇಲ್ಲ. ಪಕ್ಕಪಕ್ಕದ ಸೀಟಿನ ಇಬ್ಬರು ಬೇರೆ ಬೇರೆ ಹಣ ಕೊಟ್ಟಿರುತ್ತಾರೆ. ಶಾಲೆಗೆ ರಜೆ ಸಿಗುವ ವಾರ, ಕ್ರಿಸ್‌ಮಸ್ ಹೊತ್ತು ದುಬಾರಿ. ಮಕ್ಕಳ ಪರೀಕ್ಷೆಯ ದಿನಗಳಲ್ಲಿ, ವಾರದ ನಡುವಿನ ದಿನಗಳಲ್ಲಿ ಸ್ವಲ್ಪ ಅಗ್ಗ. ಬುಕ್ ಮಾಡುವಾಗ ಪರದೆಯ ಮೇಲೆ ಸೀಟು, ಊಟ, ವಿಮೆ ಅಂತ ಒಂದೊಂದೇ ಬಂದು ನಿಲ್ಲುತ್ತವೆ. ಬೇಕಿದ್ದರೆ ಮಾತ್ರ ಒತ್ತಿ. ಸೀಟನ್ನು ನಾವೇ ಆರಿಸಿಕೊಳ್ಳದಿದ್ದರೂ ಅವರು ಒಂದನ್ನು ಕೊಟ್ಟೇ ಕೊಡುತ್ತಾರೆ, ನಿಲ್ಲಿಸಿಕೊಂಡು ಹೋಗುವುದಿಲ್ಲ!

ಇನ್ನೊಂದು ಮಾತು ಸೆರಗಿಗೆ ಗಂಟು ಹಾಕಿಕೊಳ್ಳಿ. ಪ್ರಯಾಣ ರದ್ದಾಗಿ ‘ಹಣ ವಾಪಸಿಲ್ಲ’ ಎನ್ನುವ ಟಿಕೇಟೇ ಆಗಿದ್ದರೂ, ಅದರಲ್ಲಿ ಸೇರಿದ ಸರಕಾರದ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕವನ್ನು ಕಂಪನಿ ಹಿಂತಿರುಗಿಸಬೇಕು. ಕೇಳದಿದ್ದರೆ ಎಷ್ಟೋ ಸಲ ಬರುವುದಿಲ್ಲ, ಕೇಳಿ ಪಡೆಯಿರಿ. ಕಂಪನಿಯೇ ವಿಮಾನ ರದ್ದು ಮಾಡಿದರೆ ಬೇರೆ ವಿಮಾನವೋ ಪೂರ್ತಿ ಹಣವೋ ನಿಮ್ಮ ಇಷ್ಟ.

ಹೆಸರಿನ ವಿಷಯದಲ್ಲಿ ನಮ್ಮ ಕಡೆಯ ಹೆಂಗಸರು ವಿಶೇಷ ಎಚ್ಚರ ವಹಿಸಬೇಕು. ಮದುವೆಯ ದಿನ ಹರಿವಾಣದ ಅಕ್ಕಿಯಲ್ಲಿ ಹೊಸ ಹೆಸರು ಬರೆಯುವ ಪದ್ಧತಿ ನಮ್ಮ ಜಿಲ್ಲೆಯ ಹಲವು ಮನೆಗಳಲ್ಲಿ ಉಂಟಷ್ಟೆ. ತವರಿನವರು ಕರೆಯುವುದೊಂದು, ಅತ್ತೆ ಮನೆಯಲ್ಲಿ ಒಂದು, ಆಧಾರ್ ಕಾರ್ಡಿನಲ್ಲಿ ಮತ್ತೊಂದು! ಪ್ರೀತಿಯಿಂದ ಟಿಕೇಟು ತೆಗೆದುಕೊಟ್ಟ ಮಗ “ಅಮ್ಮನ ಹೆಸರು ಇದೇ ತಾನೇ” ಎಂದು ಮನೆಯಲ್ಲಿ ಕರೆಯುವ ಹೆಸರನ್ನೇ ಹಾಕಿಬಿಟ್ಟರೆ ಬಾಗಿಲಲ್ಲೇ ತಡೆಯುತ್ತಾರೆ. ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಟಿಕೇಟು ಇರಲಿ. ಕಂಪನಿಯ ತಾಣದಲ್ಲೇ ಕೊಂಡಿದ್ದು, ಕಾಗುಣಿತ ತಪ್ಪಿದ್ದರೆ 24 ಗಂಟೆಯೊಳಗೆ ತಿಳಿಸಿ. ತಿದ್ದಲು ಹಣ ಕೇಳುವಂತಿಲ್ಲ.

ಗೋವೆಗೆ ಈಗ ಎರಡು ವಿಮಾನ ನಿಲ್ದಾಣ. ವಾಸ್ಕೋ ಹತ್ತಿರದ ಹಳೆಯ ದಾಬೋಳಿಗೆ ಜಿಒಐ ಎಂಬ ಗುರುತು, 2023ರ ಜನವರಿಯಲ್ಲಿ ವಿಮಾನ ಹಾರಾಟ ಶುರುವಾದ ಉತ್ತರ ಗೋವೆಯ ಮೋಪಾಕ್ಕೆ ಜಿಒಎಕ್ಸ್. ಶಿರವಾಡದಿಂದ ಮೋಪಾಕ್ಕೆ ಹೋಗುವವರು ಮಡಗಾಂವದಲ್ಲಿ ಇಳಿಯದೆ ತಿವಿಂ ಅಥವಾ ಪೆರ್ನೆಂ ತನಕ ರೈಲಿನಲ್ಲೇ ಕುಳಿತರೆ ಟ್ಯಾಕ್ಸಿಯ ಖರ್ಚು ಬಹಳ ಉಳಿಯುತ್ತದೆ. ಮಾತ್ರ ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ. ಕೊಂಕಣ ರೈಲಿಗೆ ಮಳೆಗಾಲದ ವೇಳಾಪಟ್ಟಿ ಬೇರೆ, ಅದನ್ನೂ ನೋಡಿ. ಅಂಕೋಲೆಯ ಅಲಗೇರಿ, ಭಾವಿಕೇರಿ, ಬೇಲೆಕೇರಿ ಕಡೆ ನೌಕಾಪಡೆಯ ವಿಮಾನ ನಿಲ್ದಾಣದ ಜೊತೆ ನಮಗೂ ಒಂದು ಬಾಗಿಲು ತೆರೆಯುವ ಯೋಜನೆಯ ಮಾತು ಕೇಳಿ ಕೇಳಿ ಕಿವಿ ಹಣ್ಣಾಗಿದೆ. ಭೂಮಿ ಕೊಡಬೇಕಾದವರ ಮನೆಯಲ್ಲಿ ಆ ಮಾತಿಗೆ ಬೇರೆಯೇ ರುಚಿ, ಅದು ಇನ್ನೊಂದು ಲೇಖನಕ್ಕೆ ಆಗುವಷ್ಟಿದೆ.

ಪರವಾನಗಿ ಮೊದಲು, ಟಿಕೇಟು ಆಮೇಲೆ

ಲಕ್ಷದ್ವೀಪ ನಮ್ಮ ದೇಶವೇ ಆದರೂ ಹೊರಗಿನವರು ಕಾಲಿಡಲು ಪ್ರವೇಶ ಪರವಾನಗಿ ಬೇಕು. 1967ರ ನಿಯಮದಂತೆ ಇದು ನಡೆದುಬಂದಿದೆ. 36 ದ್ವೀಪಗಳಲ್ಲಿ ಜನವಸತಿ ಇರುವುದು ಹತ್ತರಲ್ಲಿ, 2011ರ ಜನಗಣತಿಯಲ್ಲಿ ಎಲ್ಲ ಸೇರಿ ಸುಮಾರು 64 ಸಾವಿರ ಜನ. ನಮ್ಮ ಒಂದು ಸಣ್ಣ ತಾಲೂಕಿನಷ್ಟು. ಎಲ್ಲರೂ ನುಗ್ಗಿದರೆ ಅವರ ಗತಿ ಏನು ಹೇಳಿ? ಲಕ್ಷದ್ವೀಪ ಆಡಳಿತದ ತಾಣದಲ್ಲಿ ಅರ್ಜಿ ಹಾಕಬೇಕು. 1982ರಲ್ಲಿ ಶುರುವಾದ ‘ಸ್ಪೋರ್ಟ್ಸ್’ ಎಂಬ ಅಲ್ಲಿಯದೇ ಪ್ರವಾಸ ಸಂಸ್ಥೆಯ ಮೂಲಕ ಹೋದರೆ ಕಾಗದಪತ್ರದ ತಲೆನೋವು ಕಡಿಮೆ. ಯಾವ ದ್ವೀಪಕ್ಕೆ ಪರವಾನಗಿಯೋ ಆ ದ್ವೀಪದಲ್ಲೇ ಇರಬೇಕು. ಪರವಾನಗಿ ಕೈಗೆ ಬರುವ ಮೊದಲೇ ಅಗ್ಗ ಸಿಕ್ಕಿತೆಂದು ಟಿಕೇಟು ಕೊಂಡರೆ ಆ ಅಗ್ಗ ದುಬಾರಿಯಾದೀತು.

ಗಂಟು ಕಟ್ಟುವ ಕಲೆ

ಸಾಮಾನ್ಯವಾಗಿ ಒಬ್ಬರಿಗೆ ಒಪ್ಪಿಸುವ ಚೀಲ 15 ಕಿಲೋ, ಕೈಚೀಲ 7 ಕಿಲೋ. ಸಣ್ಣ ವಿಮಾನಗಳಲ್ಲಿ ಇದಕ್ಕೂ ಕಡಿಮೆ ಇರುವುದುಂಟು, ಟಿಕೇಟಿನ ಮೇಲೆ ಬರೆದದ್ದೇ ಸತ್ಯ. ಮನೆಯಲ್ಲಿ ತೂಗುವುದು ಸುಲಭ: ನೀವು ಚೀಲ ಹಿಡಿದು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ಬರಿಗೈಲಿ ನಿಲ್ಲಿ, ಕಳೆಯಿರಿ. (ನಿಮ್ಮ ತೂಕವನ್ನು ಯಾರಿಗೂ ಹೇಳಬೇಕಾಗಿಲ್ಲ.) ಚೀಲ ಮರಳಿ ಬರುವಾಗ ಯಾವಾಗಲೂ ಭಾರ ಹೆಚ್ಚಿರುತ್ತದೆ, ಎರಡು ಕಿಲೋ ಜಾಗ ಬಿಟ್ಟೇ ಕಟ್ಟಿ.

ಕೊಬ್ಬರಿ ಬೇಡವೇ ಬೇಡ. ಒಣಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ಒಟ್ಟಿದಲ್ಲಿ ತಾನಾಗಿ ಬಿಸಿಯೇರಿ ಉರಿ ಹತ್ತುವ ಸ್ವಭಾವ. ಅದಕ್ಕೆ ಲೋಕದಾದ್ಯಂತ ವಿಮಾನದಲ್ಲಿ ಅದನ್ನು ಅಪಾಯದ ಸರಕಿಗೆ ಸೇರಿಸಿದ್ದಾರೆ. ಅಲ್ಲದೆ ಹೋಗುತ್ತಿರುವುದು ತೆಂಗಿನ ನಾಡಿಗೆ, ಅಲ್ಲಿಗೆ ಕೊಬ್ಬರಿ ಹೊತ್ತುಕೊಂಡು ಹೋಗುವವರು ನಾವೇ ಇರಬೇಕು! ಬೆಳಗಿನ ದೀಪಕ್ಕೆ ಎಂದು ಇಟ್ಟ ಬೆಂಕಿಪೆಟ್ಟಿಗೆಯನ್ನೂ ತೆಗೆಯಿರಿ. ಚೂರಿ, ಕತ್ತರಿ, ಉಪ್ಪಿನಕಾಯಿ, ಮಸಾಲೆ ಪುಡಿ ಕೈಚೀಲದಲ್ಲಿ ಬೇಡ. ಮೊಬೈಲ್ ಚಾರ್ಜು ಮಾಡುವ ಪವರ್ ಬ್ಯಾಂಕ್ ಮಾತ್ರ ಇದಕ್ಕೆ ತದ್ವಿರುದ್ಧ, ಕೈಚೀಲದಲ್ಲೇ ಇರಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಎಂದಿಗೂ ಒಪ್ಪಿಸುವ ಚೀಲಕ್ಕೆ ಹಾಕಬೇಡಿ.

ದಾರಿಯ ತಿಂಡಿಗೆ ಅವಲಕ್ಕಿ ಚೂಡಾದಷ್ಟು ಹಗುರವಾದದ್ದು ಇನ್ನೊಂದಿಲ್ಲ. ಅರ್ಧ ಕಿಲೋ ತೆಳು ಅವಲಕ್ಕಿಯನ್ನು ಸಣ್ಣ ಉರಿಯಲ್ಲಿ ಮುಟ್ಟಿದರೆ ಮುರಿಯುವ ಹಾಗೆ ಬೆಚ್ಚಗೆ ಮಾಡಿ ಇಡಿ. ನಾಲ್ಕು ದೊಡ್ಡ ಚಮಚ ಎಣ್ಣೆ ಕಾಯಿಸಿ ಒಂದು ಬಟ್ಟಲು ಶೇಂಗಾ ಹುರಿದು, ಸಾಸಿವೆ, ಇಂಗು, ಎರಡು ಹಿಡಿ ಕರಿಬೇವು, ನಾಲ್ಕು ಒಣಮೆಣಸಿನ ಚೂರು, ಅರ್ಧ ಬಟ್ಟಲು ಪುಟಾಣಿ ಹಾಕಿ. ಕರಿಬೇವು ಗರಿಗರಿಯಾದ ಮೇಲೆ ಅರಿಶಿನ ಉದುರಿಸಿ, ಉರಿ ಆರಿಸಿ, ಅವಲಕ್ಕಿ, ಉಪ್ಪು, ಎರಡು ಚಮಚ ಸಕ್ಕರೆ ಪುಡಿ ಸೇರಿಸಿ ಮೇಲೆ ಕೆಳಗೆ ಮಾಡಿ. ಕೊಬ್ಬರಿ ಚೂರು ಹಾಕುವ ರೂಢಿಯವರು ಈ ಸಲ ಬಿಟ್ಟುಬಿಡಿ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ.

ಪಂಖದ ವಿಮಾನದಲ್ಲಿ

ಈ ವಿಮಾನಕ್ಕೆ ಹತ್ತುವುದು ಹಿಂದಿನಿಂದ, ನಮ್ಮ ಹಳೆಯ ಬಸ್ಸುಗಳ ಹಾಗೆ. ಸಾಮಾನಿನ ಕೋಣೆ ಮುಂದುಗಡೆ. ಜನ ಹತ್ತುವ ಹೊತ್ತಿಗೆ ಬಾಲದ ಕೆಳಗೆ ಒಂದು ಊರುಗೋಲು ಕೊಟ್ಟಿರುತ್ತಾರೆ. ಎಲ್ಲರೂ ಹಿಂದೆಯೇ ಗುಂಪುಗೂಡಿದರೆ ಮೂಗು ಮೇಲೆದ್ದು ಬಾಲದ ಮೇಲೆ ಕುಳಿತೀತು ಎಂಬ ಎಚ್ಚರ. ರೆಕ್ಕೆ ಕಿಟಕಿಗಿಂತ ಮೇಲಿರುವುದರಿಂದ ಕೆಳಗಿನ ನೋಟಕ್ಕೆ ಅಡ್ಡಿಯಿಲ್ಲ. ಎಲ್ಲವೂ ಏಕಾನಮಿಯೇ, ಸಾಹುಕಾರರಿಗೆ ಬೇರೆ ಕೋಣೆ ಇಲ್ಲ. ಇದೊಂದು ನನಗೆ ಬಹಳ ಹಿಡಿಸಿತು.

ನಾವು ನಾಲ್ವರು ಹೋದಾಗ ನಮ್ಮ ಜೊತೆ ಕೇರಿಯ ಹಿರಿಯ ವೈನಿ ಇದ್ದರು, ಮೀನುಗಾರರ ಮನೆಯವರು. ಕುಳಿತಿದ್ದ ಸೀಟಿನಿಂದ ಎದ್ದು ಹಿಂದಿನ ಸಾಲಿಗೆ ಬನ್ನಿ ಎಂದು ಗಗನಸಖಿ ಕೇಳಿದಳು. ನನಗೆ ರೇಗಿತು. “ಹಣ ಕೊಟ್ಟಿಲ್ಲವೇ ನಾವು? ಖಾಲಿ ಇರುವ ಕಡೆ ಇವರನ್ನೇ ಯಾಕೆ ಕಳಿಸುವುದು?” ವೈನಿ ಎದ್ದೇಬಿಟ್ಟರು. “ನೀ ಸುಮ್ಮನಿರು. ದೋಣಿಯಾಗೆ ಸೈತ ಹಾಂಗೇ ಅಲ್ಲನೇ? ಒಂದೇ ಬದಿಗೆ ಕೂತ್ರೆ ಯಾರಿಗೆ ನಷ್ಟ?” ಎಂದರು. ಹುಡುಗಿಗೆ ಕನ್ನಡ ಅರ್ಥವಾಗಲಿಲ್ಲ, ಆದರೆ ವೈನಿಯ ಕೈ ಹಿಡಿದು ಕೂಡಿಸಿದಳು. ಭಾರವನ್ನು ಮುಂದೆ ಹಿಂದೆ ಸಮ ಹಂಚುವುದಕ್ಕೆ ಹೀಗೆ ಮಾಡುತ್ತಾರೆಂದು ಆಮೇಲೆ ಆಕೆ ಹಿಂದಿಯಲ್ಲಿ ವಿವರಿಸಿದಳು. ವೈನಿಗೆ ವಿವರಣೆಯ ಅಗತ್ಯವೇ ಇರಲಿಲ್ಲ.

ಏರುವಾಗ ಇಳಿಯುವಾಗ ಕಿವಿ ಕಟ್ಟುತ್ತದೆ. ಬಾಯಲ್ಲಿ ಒಂದು ಚೂರು ಬೆಲ್ಲವೋ ಪೆಪ್ಪರ್‌ಮಿಂಟೋ ಇಟ್ಟುಕೊಂಡು ಉಗುಳು ನುಂಗುತ್ತಿದ್ದರೆ ಸಾಕು. ಹಸುಗೂಸಿಗೆ ವಿಮಾನ ಇಳಿಯುವ ಹೊತ್ತಿಗೆ ಸರಿಯಾಗಿ ಹಾಲು ಕುಡಿಸಿ. ನೆಗಡಿ ಜೋರಾಗಿದ್ದರೆ ವೈದ್ಯರನ್ನು ಕೇಳಿಯೇ ಹೊರಡಿ. ಬಸುರಿಯರಿಗೆ 28 ವಾರ ದಾಟಿದ್ದರೆ ಹೆಚ್ಚಿನ ಕಂಪನಿಗಳು ವೈದ್ಯರ ಪತ್ರ ಕೇಳುತ್ತವೆ. ಪಂಖದ ಸದ್ದು ತುಸು ಜಾಸ್ತಿ, ಮೋಡದಲ್ಲಿ ಕುಲುಕಾಟವೂ ಉಂಟು. ನಮ್ಮ ಅರಬೈಲ್ ಘಟ್ಟದ ಬಸ್ಸು ಹತ್ತಿದವರು ಹೆದರಬೇಕಾಗಿಲ್ಲ.

ರಕ್ಷಣೆಯ ಮಾತು ಹೇಳುವಾಗ ಹೆಚ್ಚಿನವರು ಮೊಬೈಲ್ ನೋಡುತ್ತಿರುತ್ತಾರೆ. ದಯವಿಟ್ಟು ಕೇಳಿ. ಸೀಟಿನ ಕೆಳಗಿನ ತೇಲುವ ಅಂಗಿಯನ್ನು ಒಳಗೇ ಉಬ್ಬಿಸಬಾರದು, ಬಾಗಿಲು ದಾಟುವಾಗ ಮಾತ್ರ ಉಬ್ಬಿಸಬೇಕು. 1996ರ ನವೆಂಬರ್ 23ರಂದು ಅಪಹರಣಕ್ಕೆ ಸಿಕ್ಕಿದ ಇಥಿಯೋಪಿಯಾದ ವಿಮಾನವೊಂದು ಎಣ್ಣೆ ತೀರಿ ಕೊಮೊರೊಸ್ ದ್ವೀಪದ ಬಳಿ ಸಮುದ್ರಕ್ಕೆ ಬಿತ್ತು. 175 ಜನರಲ್ಲಿ 125 ಮಂದಿ ಸತ್ತರು. ಬಿದ್ದ ಪೆಟ್ಟು ತಡೆದು ಬದುಕಿದ್ದ ಹಲವರು ಒಳಗೇ ಅಂಗಿ ಉಬ್ಬಿಸಿಕೊಂಡಿದ್ದರಿಂದ, ನೀರು ತುಂಬಿದಾಗ ಚಾವಣಿಗೆ ತೇಲಿ, ಮುಳುಗಿ ಬಾಗಿಲು ದಾಟಲಾಗದೆ ಸಿಕ್ಕಿಬಿದ್ದರು. ಸೀರೆ ಉಟ್ಟವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕುಳಿತರೆ ಒಳ್ಳೆಯದು.

ಇಳಿದ ಮೇಲೆ

ಮೊದಲು ಕಪ್ಪು ನೀಲಿ ನೀರು, ಆಮೇಲೆ ಒಮ್ಮೆಲೇ ಬಿಳಿ ನೊರೆಯ ಗೆರೆ, ಅದರೊಳಗೆ ನವಿಲಿನ ಕತ್ತಿನ ಬಣ್ಣದ ತಿಳಿನೀರು. ಆ ಗೆರೆಯೇ ಹವಳದ ಗೋಡೆ. ಅದು ಅಲೆ ತಡೆಯದಿದ್ದರೆ ಈ ದ್ವೀಪಗಳೇ ಇರುತ್ತಿರಲಿಲ್ಲ.

ಇಲ್ಲಿ ನದಿಯಿಲ್ಲ, ಹಳ್ಳವಿಲ್ಲ. ಮಳೆನೀರು ಹವಳದ ಮರಳಿನಲ್ಲಿ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತ ನಿಂತಿರುತ್ತದೆ, ಹಾಲಿನ ಮೇಲಿನ ಕೆನೆಯ ಹಾಗೆ. ಹೆಚ್ಚು ಎಳೆದರೆ ಬಾವಿಗೆ ಉಪ್ಪು ಬರುತ್ತದೆ. ಸಮುದ್ರದ ಮೇಲಿನ ಬಿಸಿ ನೀರು ಮತ್ತು ಆಳದ ತಣ್ಣನೆಯ ನೀರು ಬಳಸಿ ಸಿಹಿನೀರು ಮಾಡುವ ಘಟಕ ಅಗತ್ತಿಯಲ್ಲಿ ಶುರುವಾದದ್ದು 2011ರಲ್ಲಿ. ದಿನಕ್ಕೆ ಒಂದು ಲಕ್ಷ ಲೀಟರ್ ಅದರ ಶಕ್ತಿ. ಶಿರವಾಡದ ಮಳೆಗಾಲ ಕಂಡ ನಮಗೆ ನೀರಿನ ಲೆಕ್ಕವೇ ಗೊತ್ತಿಲ್ಲ. ಅಲ್ಲಿ ಎರಡು ಚೊಂಬಿನಲ್ಲಿ ಸ್ನಾನ ಮುಗಿಸಿ.

ಊರಿನವರು ಮುಸ್ಲಿಮರು, ಮಾತು ಮಲಯಾಳದ ಒಂದು ಬಗೆ. ಬಂಗಾರಂ ಒಂದನ್ನು ಬಿಟ್ಟರೆ ಮದ್ಯವಿಲ್ಲ. ಊರೊಳಗೆ ತಿರುಗುವಾಗ ಮೈತುಂಬ ಬಟ್ಟೆ ಇರಲಿ, ಹೆಂಗಸರ ಫೋಟೋ ಕೇಳದೆ ತೆಗೆಯಬೇಡಿ. ಅಲ್ಲಿಯ ಹೆಂಗಸರ ವಿಷಯ ನಿಮಗೆ ಹಿಡಿಸೀತು: ಹಿಂದಿನಿಂದಲೂ ತರವಾಡಿನ ಆಸ್ತಿ ಹರಿದುಬರುವುದು ತಾಯಿಯ ಕಡೆಯಿಂದ. ಮದುವೆಯಾದರೂ ಮಗಳು ತವರಿನಲ್ಲೇ ಇದ್ದು ಗಂಡನೇ ಬಂದುಹೋಗುವ ಪದ್ಧತಿ. ದಕ್ಷಿಣ ಕನ್ನಡದ ಅಳಿಯ ಸಂತಾನವನ್ನು ನೆನಪಿಸುತ್ತದೆ.

ಆ ಜಿಲ್ಲೆಗೂ ದ್ವೀಪಗಳಿಗೂ ಹಳೆಯ ನಂಟಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಈ ಐದು ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಆಡಳಿತ ಮಂಗಳೂರಿನಿಂದ. ಅಗತ್ತಿ ಮಲಬಾರಿನ ಪಾಲಿನದು. ಅದಕ್ಕೂ ಹಿಂದೆ, 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋಗುವ ಮುನ್ನ, ಕೆನರಾ ಒಂದೇ ಜಿಲ್ಲೆಯಾಗಿದ್ದ ಕಾಲದಲ್ಲಿ, ಕಾರವಾರವೂ ಅಮಿನಿಯೂ ಒಂದೇ ಕಲೆಕ್ಟರರ ಕೈಕೆಳಗಿದ್ದವು! ಹೆಂಗಸರು ತೆಂಗಿನ ಸಿಪ್ಪೆಯನ್ನು ದಂಡೆಯ ನೀರಿನಲ್ಲಿ ಕೊಳೆಸಿ, ಬಡಿದು, ಹುರಿ ಹೊಸೆದರೆ ಅದಕ್ಕೆ ಬದಲಾಗಿ ಮಂಗಳೂರಿನ ಸರಕಾರಿ ಉಗ್ರಾಣದಿಂದ ಅಕ್ಕಿ. ಇಂದಿಗೂ ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳು ತರಕಾರಿ, ಸಿಮೆಂಟು ಹೇರಿಕೊಂಡು ಆ ಕಡೆ ಹೋಗುತ್ತವೆ. ಅಗತ್ತಿಯ ಸಾರಿನಲ್ಲಿ ನೀವು ತಿನ್ನುವ ಟೊಮೇಟೊ ಹಾಗೆ ಬಂದದ್ದಿರಬಹುದು. ಚೆಲ್ಲಬೇಡಿ.

ಪ್ಲಾಸ್ಟಿಕ್ ಚೀಲ, ಬಾಟಲಿ, ಮಗುವಿನ ಡಯಪರ್ ಇವನ್ನೆಲ್ಲ ಹೂಳಲು ಅಲ್ಲಿ ಜಾಗವಿಲ್ಲ. ಸಾಧ್ಯವಾದಷ್ಟನ್ನು ಒಂದು ಚೀಲದಲ್ಲಿ ಕಟ್ಟಿ ವಾಪಸು ತನ್ನಿ. ಚೂಡಾ ಮುಗಿದ ಡಬ್ಬಿಯ ಜಾಗ ಹೇಗೂ ಖಾಲಿ ಇರುತ್ತದೆ. ಅದೇ ವಿಮಾನದಲ್ಲಿ ದ್ವೀಪದವರು ಆಸ್ಪತ್ರೆಗೆ, ಪರೀಕ್ಷೆಗೆ ಹೋಗುತ್ತಾರೆ. ಹಡಗಾದರೆ ಕೊಚ್ಚಿಗೆ 14ರಿಂದ 18 ಗಂಟೆಯ ಹಾದಿ. ಮರಳುವ ದಿನ ಬೇಡವಾದರೆ ಸುಮ್ಮನೆ ಬರದೆ ಉಳಿಯಬೇಡಿ, ಮೊದಲೇ ರದ್ದು ಮಾಡಿದರೆ ಆ ಸೀಟು ಒಬ್ಬ ರೋಗಿಗೆ ಸಿಕ್ಕೀತು.

ಮನೆಗೆ ತರಲು ತೆಂಗಿನಕಾಯಿ ಬೆಲ್ಲದ ಉಂಡೆ, ಒಣಗಿಸಿದ ಟ್ಯೂನಾ ಮೀನು ಒಳ್ಳೆಯದು. ಮೀನಿನ ವಾಸನೆ ಹೊರಗೆ ಬರದಂತೆ ಎರಡು ಸುತ್ತು ಕಟ್ಟಿಸಿ, ಒಪ್ಪಿಸುವ ಚೀಲದಲ್ಲೇ ಇಡಿ. ದಂಡೆಯಲ್ಲಿ ಬಿದ್ದ ಹವಳದ ತುಂಡು ಎಷ್ಟೇ ಚಂದವಾಗಿರಲಿ, ದೇವರ ಗೂಡಿನ ಮುಂದೆ ಇಡಲು ಎಂದು ಎತ್ತಿಕೊಳ್ಳಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹವಳಕ್ಕೆ ಹುಲಿಗೆ ಇರುವಷ್ಟೇ ರಕ್ಷಣೆಯಿದೆ. ಚೀಲ ತೂಕ ಮಾಡುವ ಮೊದಲು ಮಕ್ಕಳ ಜೇಬನ್ನೂ ಒಮ್ಮೆ ತಡವಿ ನೋಡಿ.